ಕತ್ತರಿ ಹಿಡಿದವನ ಹೆಸರು ಎಲ್ಲಿ?

ಒಂದು ಬಿಳಿ ಹಾಳೆ. ನಡುವೆ ಹೆಂಗಸಿನ ಮುಖದ ಆಕಾರಕ್ಕೆ ಒಂದು ತೂತು. ಹಣೆ, ಮೂಗು, ಗಲ್ಲ, ಕತ್ತಿನ ಮೇಲೆ ಜಾರಿದ ಒಂದೆರಡು ಕೂದಲೆಳೆ. ಹಿಂದೆ ಕರಿ ಬಟ್ಟೆ ಇಟ್ರೆ ಮುಖ ಎದ್ದು ಬರುತ್ತೆ. ಹಾಳೆ ಎಲ್ಲಿ ಇಲ್ವೋ ಅಲ್ಲೇ ಮುಖ ಇರೋದು! ಕೆಳಗೆ ಒಂದು ಒತ್ತುಮುದ್ರೆ: ‘ಮ್ಯೂಸಿಯಂ’. ಕತ್ತರಿಸಿದವರು ಯಾರು? ಅದು ಮಾತ್ರ ಇಲ್ಲ.

ಇಂಥದ್ದಕ್ಕೆ ಸಿಲೂಯೆಟ್ ಅಂತೀವಿ. ಅದು 1759ರಲ್ಲಿ ಕೆಲವೇ ತಿಂಗಳು ಫ್ರಾನ್ಸಿನ ಖಜಾನೆ ನೋಡ್ಕೊಂಡ ಜುಗ್ಗ ಮಂತ್ರಿಯೊಬ್ಬನ ಹೆಸರು. ಅಗ್ಗದ್ದಕ್ಕೆಲ್ಲ ಅವನ ಹೆಸರು ಅಂಟಿಸಿ ಜನ ಗೇಲಿ ಮಾಡಿದ್ರು. ಗೇಲಿಗಾದ್ರೂ ಅವನ ಹೆಸರು ಉಳೀತು. ನನ್ನ ತಕರಾರು ಇರೋದು ಉಳೀದೇ ಇದ್ದ ಹೆಸರಿನ ಬಗ್ಗೆ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಚಾರ್ಲ್ಸ್ ವಿಲ್ಸನ್ ಪೀಲ್ ಅಂತ ಚಿತ್ರಕಾರ, ಸ್ವಂತ ಮ್ಯೂಸಿಯಂ ನಡೆಸ್ತಿದ್ದ. ಮಕ್ಕಳಿಗೆ ಇಟ್ಟ ಹೆಸರು ಕೇಳಿ: ರಾಫೆಲ್, ರೆಂಬ್ರಾಂಟ್, ಟಿಷಿಯನ್, ರೂಬೆನ್ಸ್. ಎಲ್ಲಾ ಯುರೋಪಿನ ಮಹಾ ಚಿತ್ರಕಾರರ ಹೆಸರುಗಳೇ. ಅದೇ ಮನೇಲಿ ಮೋಸೆಸ್ ವಿಲಿಯಮ್ಸ್ ಅನ್ನೋ ಗುಲಾಮ ಹುಡುಗನೂ ಬೆಳೆದ. 1786ರಲ್ಲಿ ಅವನ ಅಪ್ಪ ಅಮ್ಮನಿಗೆ ಬಿಡುಗಡೆ ಸಿಕ್ತು. ಮಗ ಮಾತ್ರ 28 ತುಂಬೋವರೆಗೂ ಕಾಯ್ಬೇಕಿತ್ತು; ಕೊನೆಗೆ ಒಂದು ವರ್ಷ ಮುಂಚೆ ಸಿಕ್ತು. ಪೀಲ್ ಮಕ್ಕಳ ಕೈಗೆ ಕುಂಚ ಬಂತು, ಇವನ ಕೈಗೆ ಬಂದಿದ್ದು ಕತ್ತರಿ.

1802ರಲ್ಲಿ ಮ್ಯೂಸಿಯಮ್ಮಿಗೆ ಒಂದು ಯಂತ್ರ ಬಂತು, ಫಿಸಿಯೋನೋಟ್ರೇಸ್. ಎದುರಿಗೆ ಕೂತವರ ಮುಖದ ಅಂಚಿನ ಮೇಲೆ ಹಿತ್ತಾಳೆ ತುಂಡೊಂದನ್ನ ಓಡಿಸಿದ್ರೆ, ಅದೇ ಗೆರೆ ಪುಟ್ಟದಾಗಿ ಹಾಳೆ ಮೇಲೆ ಬೀಳುತ್ತೆ. ಹಾಳೇನ ಎರಡು ಸಲ ಮಡಿಚಿರ್ತಾರೆ. ಒಂದು ಸಲ ಕತ್ತರಿಸಿದ್ರೆ ನಾಲ್ಕು ಪ್ರತಿ.

‘ಗೆರೆ ಎಳೆದಿದ್ದು ಯಂತ್ರ ಅಲ್ವಾ, ಇವನದ್ದೇನು?’ ಅಂತ ಕೇಳೋರಿದ್ದಾರೆ. ನಾನು ನಾಲ್ಕು ಪದರ ಮಡಿಚಿ ಕೂತು ನೋಡಿದೆ ಸ್ವಾಮಿ. ತುಟಿ ತಿರುಗಿಸೋ ಹೊತ್ತಿಗೆ ಮೂಗೇ ಹಾರಿಹೋಯ್ತು. ಕತ್ತರಿ ಅಲುಗಿಸಬಾರದು, ಹಾಳೇನ ತಿರುಗಿಸ್ಬೇಕು ಅಂತ ಗೊತ್ತಾಗೋಕೆ ಐದು ಹಾಳೆ ಬೇಕಾಯ್ತು ನನಗೆ. ಮುಖ ಅಷ್ಟು ಚೆನ್ನಾಗಿ ಹೋಲೋದು ಮೋಸೆಸ್ ಕೈಚಳಕದಿಂದ ಅಂತ ಖುದ್ದು ಪೀಲೇ ಒಪ್ಕೊಂಡಿದ್ದ. ಮೊದಲ ವರ್ಷವೇ 8,880 ಪ್ರೊಫೈಲ್ (ಪಕ್ಕದಿಂದ ಕಾಣೋ ಮುಖದ ಚಿತ್ರ), ಒಂದಕ್ಕೆ 8 ಸೆಂಟ್.

ಆ ದುಡ್ಡಲ್ಲಿ ಮೋಸೆಸ್ ಎರಡಂತಸ್ತಿನ ಇಟ್ಟಿಗೆ ಮನೆ ಕೊಂಡ. ರೆಂಬ್ರಾಂಟ್ ಪೀಲ್ ಎಷ್ಟೋ ವರ್ಷ ಆದ್ಮೇಲೆ ನೆನಪು ಬರೀತಾ, 27 ವರ್ಷದವರೆಗೆ ಇವನು ಯಾವ ಕೆಲಸಕ್ಕೂ ಬಾರದವನಾಗಿದ್ದ ಅಂದ. ಕಲಿಸಿದ್ದು ಯಾರು, ಕಲಿಸದೇ ಇದ್ದಿದ್ದು ಯಾರು, ಅದನ್ನ ಬರೀಲಿಲ್ಲ. ಇನ್ನೊಂದು ವಿಷಯ ಮಾತ್ರ ಬರೆದ: ಗುಲಾಮನಾಗಿದ್ದಾಗ ಇವನ ಜೊತೆ ಒಂದೇ ಮೇಜಲ್ಲಿ ಊಟಕ್ಕೆ ಕೂರೋಕೆ ಒಪ್ಪದ ಬಿಳಿ ಅಡುಗೆಯವಳನ್ನೇ ಮೋಸೆಸ್ ಮದುವೆಯಾದ.

ಹಳೇ ಸಾಮಾನು ಮಾರೋರು ಇವತ್ತಿಗೂ ಇವನ್ನ ‘ಪೀಲ್ ಸಿಲೂಯೆಟ್’ ಅಂತಾರೆ. ನನ್ನ ಪ್ರಕಾರ ಇವು ಮೋಸೆಸ್ ಸಿಲೂಯೆಟ್‌ಗಳು, ಪೀಲ್ ಮ್ಯೂಸಿಯಂ ಅನ್ನೋದು ಅಂಗಡಿ ವಿಳಾಸ.

ಮೋಸೆಸ್‌ನ ಮುಖದ್ದೇ ಒಂದು ಸಿಲೂಯೆಟ್ ಫಿಲಡೆಲ್ಫಿಯಾದ ಲೈಬ್ರರಿ ಕಂಪನಿ ಅನ್ನೋ ಗ್ರಂಥಾಲಯದಲ್ಲಿದೆ. ಅವನೇ ಕತ್ತರಿಸಿಕೊಂಡಿರಬೇಕು ಅಂತ ಕಲಾ ಇತಿಹಾಸಕಾರ್ತಿಯೊಬ್ಬರು ವಾದಿಸಿದ್ದಾರೆ. ಅದಕ್ಕೂ ಮುಂಚೆ ಅದು ರಾಫೆಲ್ ಪೀಲ್ ಖಾತೇಲಿತ್ತು. ಮುಖದ ಕೆಳಗೆ ಬರೆದಿರೋದು ಇಷ್ಟು: ‘ಮೋಸೆಸ್ ವಿಲಿಯಮ್ಸ್, ಪ್ರೊಫೈಲ್ ಕತ್ತರಿಸುವವನು’.