ಅಂಚೆಮನೆಯ ಮೇಲಿನ ಬೂಟು ಕಾರ್ಖಾನೆ

ಕೇಳುಗರಿಗೆ ನಮಸ್ಕಾರ.

ಮಳೆಗಾಲದಲ್ಲಿ ಗದ್ದೆ, ತೋಟ, ಕಾಡು ಅಂತ ಓಡಾಡುವವರಿಗೆ ಈ ತಾಪತ್ರಯ ಗೊತ್ತೇ ಇರುತ್ತದೆ. ಚರ್ಮದ ಬೂಟು ಹಾಕಿದರೆ ಅದು ನೀರು ಕುಡಿದು ಕಲ್ಲಿನಷ್ಟು ಭಾರವಾಗುತ್ತದೆ. ಗಮ್‌ಬೂಟು ಹಾಕಿದರೆ ಹೊರಗಿನ ನೀರು ಬರುವುದಿಲ್ಲ, ಆದರೆ ಕಾಲು ಬೆವರಿ ಒಳಗೇ ಒದ್ದೆ, ಹಿಮ್ಮಡಿ ಉಜ್ಜಿ ಗುಳ್ಳೆ. ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಮೇಯ್ನ್ ರಾಜ್ಯದ ಫ್ರೀಪೋರ್ಟ್ ಎಂಬ ಸಣ್ಣ ಊರಿನಲ್ಲಿ ಬಟ್ಟೆಯಂಗಡಿ ನಡೆಸುತ್ತಿದ್ದ ಲಿಯಾನ್ ಲಿಯಾನ್‌ವುಡ್ ಬೀನ್ ಎಂಬಾತ 1911ರಲ್ಲಿ ಬೇಟೆಗೆ ಹೋಗಿ ಇದೇ ಪಾಡುಪಟ್ಟು ಬಂದ. ಪಾದದ ಮಟ್ಟಕ್ಕೆ ರಬ್ಬರ್, ಮೇಲೆ ಕಣಕಾಲಿಗೆ ಹಗುರ ಚರ್ಮ, ಎರಡನ್ನೂ ಸೇರಿಸಿ ಹೊಲಿದುಕೊಡು ಎಂದು ಊರಿನ ಬೂಟು ಹೊಲಿಯುವವನಿಗೆ ಹೇಳಿದ. ಆ ಬೂಟಿನಿಂದ ಒಂದು ಊರು ಹೇಗೆ ಬದುಕಿತು ಎಂಬುದು ಇವತ್ತಿನ ವಿಷಯ.

ಮೊದಲಿಗೆ ಆದದ್ದು ನಷ್ಟ. 1912ರಲ್ಲಿ ನೂರು ಜೋಡಿ ಮಾರಿದರೆ ತೊಂಬತ್ತು ಜೋಡಿ ವಾಪಸ್ ಬಂದವು ಎಂಬುದು ಬೀನ್ ಕಟ್ಟಿದ ಎಲ್.ಎಲ್. ಬೀನ್ ಕಂಪನಿಯೇ ಹೇಳಿಕೊಂಡು ಬಂದ ಲೆಕ್ಕ. ಕಾರಣ ಹೊಲಿಗೆಯ ಸಾಲಿನಲ್ಲಿತ್ತು. ಬೇರೆ ಬೂಟಿನ ಮೇಲೆ ತೊಡಿಸಲೆಂದು ಮಾಡಿದ ತೆಳು ರಬ್ಬರು ಅದು, ಎಳೆತ ತಡೆಯುವ ವಸ್ತುವಲ್ಲ. ನಡೆಯುವಾಗ ಪಾದ ಮಡಚಿದಂತೆಲ್ಲ ಮೇಲಿನ ಚರ್ಮ ಕೆಳಗಿನ ರಬ್ಬರನ್ನು ಜಗ್ಗುತ್ತದೆ. ಸೂಜಿ ಹೋದ ತೂತುಗಳು ಒತ್ತೊತ್ತಾಗಿದ್ದರೆ, ಅಂಚೆಚೀಟಿಯ ಅಂಚಿನ ಹಾಗೆ, ಒಂದು ಬಿಟ್ಟುಕೊಂಡರೆ ಸಾಲು ಪೂರ್ತಿ ಬಿಟ್ಟುಕೊಳ್ಳುತ್ತದೆ. ಬೀನ್ ಎಲ್ಲರಿಗೂ ಹಣ ವಾಪಸ್ ಮಾಡಿದ. 400 ಡಾಲರ್ ಸಾಲ ಎತ್ತಿದ. ಬಾಸ್ಟನ್ನಿಗೆ ಹೋಗಿ ಯುನೈಟೆಡ್ ಸ್ಟೇಟ್ಸ್ ರಬ್ಬರ್ ಕಂಪನಿಯಿಂದ ಗಟ್ಟಿ ರಬ್ಬರಿನ ಅಡಿಭಾಗ ಮಾಡಿಸಿಕೊಂಡ. ಇವತ್ತಿಗೂ ಆ ಬೂಟಿನ ಕೂಡುಗೆಯಲ್ಲಿ ಮೂರು ಸಾಲು ಹೊಲಿಗೆ ಇರುತ್ತದೆ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ, ಪ್ರಾಮಾಣಿಕತೆಗೆ ಸಿಕ್ಕ ಫಲ ಅನ್ನುತ್ತಾರೆ. ಊರಿನ ದೃಷ್ಟಿಯಿಂದ ನೋಡಿದರೆ ಅಸಲು ಸಂಗತಿ ಮುಂದಿದೆ.

ಬೀನ್ ತನ್ನ ಗಿರಾಕಿಗಳನ್ನು ಹುಡುಕಿದ್ದು ಫ್ರೀಪೋರ್ಟಿನಲ್ಲಲ್ಲ. ಹೊರರಾಜ್ಯಗಳಿಂದ ಮೇಯ್ನ್‌ಗೆ ಬೇಟೆಗೆ ಬರುವವರು ಸರ್ಕಾರದಿಂದ ಲೈಸೆನ್ಸು ಪಡೆಯಬೇಕಿತ್ತು. ಆ ಪಟ್ಟಿಯನ್ನು ಅವನು ಸಂಪಾದಿಸಿದ. ಯೋಚಿಸಿ ನೋಡಿ, ಹೆಸರು, ವಿಳಾಸ, ಕಾಡಿಗೆ ಬರುವ ಅಭ್ಯಾಸ, ಕೈಯಲ್ಲಿ ಒಂದಿಷ್ಟು ಕಾಸು, ನಾಲ್ಕೂ ಒಂದೇ ಕಾಗದದಲ್ಲಿ ಸಿಕ್ಕವು. ಅವರಿಗೆಲ್ಲ ಕರಪತ್ರ ಕಳಿಸಿದ. ಅದೇ ಹೊತ್ತಿಗೆ, 1913ರ ಜನವರಿ 1ರಿಂದ, ಅಮೆರಿಕದ ಅಂಚೆ ಇಲಾಖೆ ಪಾರ್ಸೆಲ್ ಸೇವೆ ಶುರುಮಾಡಿತು. ದೊಡ್ಡ ಪೇಟೆಯಲ್ಲಿ ಅಂಗಡಿ ಹಾಕದೆಯೇ ದೇಶದ ಯಾವ ಮೂಲೆಗಾದರೂ ಸಾಮಾನು ಕಳಿಸುವ ದಾರಿ ಸಣ್ಣೂರಿನವರಿಗೂ ತೆರೆಯಿತು.

ಬೀನ್ ಮಾಡಿದ ಜಾಣತನ ನೋಡಿ. ಅವನ ತಮ್ಮ ಗೈ ಬೀನ್ ಊರಿನ ಪೋಸ್ಟ್‌ಮಾಸ್ಟರ್. ಕೆಳಗೆ ಅಂಚೆಮನೆ, ಅದರ ಮೇಲಿನ ಅಂತಸ್ತಿನಲ್ಲಿ ಬೀನ್‌ನ ಕಾರ್ಖಾನೆ. ಹೊಲಿದು, ಕಟ್ಟಿ, ವಿಳಾಸ ಬರೆದ ಪೊಟ್ಟಣ ಜಾರುಕೊಳವೆಯಲ್ಲಿ ಸೀದಾ ಅಂಚೆಮನೆಗೆ ಇಳಿಯುತ್ತಿತ್ತು. ಗಾಡಿ ಬಾಡಿಗೆ ಇಲ್ಲ, ಹೊರುವ ಕೂಲಿ ಇಲ್ಲ. ಗಿರಾಕಿ ನ್ಯೂಯಾರ್ಕಿನಲ್ಲಿದ್ದರೂ ಹೊಲಿಗೆ, ಪ್ಯಾಕಿಂಗು, ಪತ್ರವ್ಯವಹಾರ, ರಿಪೇರಿ ಎಲ್ಲದರ ಸಂಬಳ ಫ್ರೀಪೋರ್ಟಿನಲ್ಲೇ ಬಟವಾಡೆಯಾಯಿತು. ಪಾರ್ಸೆಲ್ ಹೆಚ್ಚಾದಂತೆ ಅಂಚೆಮನೆಯ ಕೆಲಸವೂ ಹೆಚ್ಚಿತು. ಈಗ ಫ್ರೀಪೋರ್ಟಿನ ಪಿನ್‌ಕೋಡ್ 04032 ಆದರೆ, ಈ ಒಂದು ಕಂಪನಿಗೇ ಬೇರೆಯಾಗಿ 04033 ಇದೆ.

ಉತ್ತರದ ಕಾಡಿಗೆ ಹೋಗುವ ಹೆದ್ದಾರಿ ಊರಿನ ನಡುವೆಯೇ ಹಾಯುತ್ತಿತ್ತು. ಬೇಟೆಯವರು, ಮೀನು ಹಿಡಿಯುವವರು ಬೆಳಗಾಗುವುದರೊಳಗೆ ಕಾಡು ಸೇರಬೇಕು, ಹಾಗಾಗಿ ಊರು ದಾಟುವುದು ನಡುರಾತ್ರಿಯಲ್ಲಿ. ಅಂಥವರಿಗೆಂದು ಬಾಗಿಲಲ್ಲಿ ಗಂಟೆ ಇತ್ತು. ಬಾರಿಸಿದರೆ ಕಾವಲಿನವ ಬಂದು ಬಾಗಿಲು ತೆಗೆಯುತ್ತಿದ್ದ. 1951ರಲ್ಲಿ ಬೀನ್ ಬೀಗವನ್ನೇ ಕೈಬಿಟ್ಟ. ದಿನದ 24 ಗಂಟೆ, ವರ್ಷದ 365 ದಿನ ಅಂಗಡಿ ತೆರೆದಿಟ್ಟ. ರಾತ್ರಿ ಎರಡು ಗಂಟೆಗೆ ಎಷ್ಟು ಮಹಾ ವ್ಯಾಪಾರವಾದೀತು ಎಂದು ಕೇಳಬಹುದು. ಆದರೆ ಯಾವಾಗ ಹೋದರೂ ತೆರೆದಿರುತ್ತದೆ ಎಂಬ ನಂಬಿಕೆ ಹುಟ್ಟಿದರೆ, ಸುಮ್ಮನೆ ದಾಟಿಹೋಗುತ್ತಿದ್ದ ಊರಿನಲ್ಲಿ ಜನ ಗಾಡಿ ನಿಲ್ಲಿಸುತ್ತಾರೆ.

ವಯಸ್ಸಾದ ಮೇಲೆ ಬೀನ್‌ಗೆ ವ್ಯಾಪಾರ ಹಿಗ್ಗಿಸುವ ಹುಮ್ಮಸ್ಸು ಉಳಿದಿರಲಿಲ್ಲ. 1967ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡಾಗ ಮೊಮ್ಮಗ ಲಿಯಾನ್ ಗೋರ್ಮನ್ ಅಧಿಕಾರ ಹಿಡಿದ. ಅವನು ಬಂದು ಮುಟ್ಟಿದ್ದು ಬೂಟಿಗಿಂತ ಹೆಚ್ಚಾಗಿ ವಿಳಾಸದ ಪಟ್ಟಿಯನ್ನು. ಕೈಯಲ್ಲಿ ನಡೆಯುತ್ತಿದ್ದ ಆ ಕೆಲಸವನ್ನು ಕಂಪ್ಯೂಟರಿಗೆ ಏರಿಸಿದ. 2001ರಲ್ಲಿ ಅವನು ಪಟ್ಟ ಬಿಟ್ಟುಕೊಡುವ ಹೊತ್ತಿಗೆ ವರ್ಷದ ವಹಿವಾಟು ನೂರು ಕೋಟಿ ಡಾಲರ್ ದಾಟಿತ್ತು.

ಬೂಟನ್ನು ಮಾತ್ರ ಮೇಯ್ನ್‌ನಲ್ಲೇ ಉಳಿಸಿಕೊಂಡರು. ಫ್ರೀಪೋರ್ಟಿನ ಪಕ್ಕದ ಬ್ರನ್ಸ್‌ವಿಕ್‌ನಲ್ಲಿ, ಈಚೆಗೆ ಲೂಯಿಸ್ಟನ್ನಿನಲ್ಲೂ, ಅದನ್ನು ಹೊಲಿಯುತ್ತಾರೆ. ಇದರಲ್ಲಿ ಕಷ್ಟವಿಲ್ಲದಿಲ್ಲ. ಬಾಗಿದ ರಬ್ಬರಿನ ಅಂಚಿಗೆ ಚರ್ಮ ಹಿಡಿದು, ಸಾಲು ತಪ್ಪದಂತೆ ಯಂತ್ರದಡಿ ತಿರುಗಿಸುವುದು ಕಣ್ಣು ಮತ್ತು ಬೆರಳಿನ ಕೆಲಸ. ಒಬ್ಬರು ಪಳಗಲು ಸುಮಾರು ಆರು ತಿಂಗಳು ಬೇಕು. 2014ರ ಚಳಿಗಾಲದಲ್ಲಿ ಈ ಹಳೇ ಬೂಟು ಕಾಲೇಜು ಹುಡುಗ ಹುಡುಗಿಯರ ಶೋಕಿಯಾಗಿಬಿಟ್ಟಿತು. ಹತ್ತಾರು ಸಾವಿರ ಜೋಡಿಗೆ ಗಿರಾಕಿಗಳು ತಿಂಗಳುಗಟ್ಟಲೆ ಕಾಯಬೇಕಾಯಿತು. ದುಡ್ಡಿತ್ತು, ಆರ್ಡರ್ ಇತ್ತು, ಪಳಗಿದ ಕೈ ಮತ್ತು ರಬ್ಬರಿನ ಅಚ್ಚುಯಂತ್ರ ಸಾಲಲಿಲ್ಲ. ಸಣ್ಣೂರಿನಲ್ಲಿ ಕಾರ್ಖಾನೆ ಇಡುವವರು ಬೇಡಿಕೆ ಬರುವ ಮೊದಲೇ ಕೆಲಸ ಕಲಿಸಬೇಕು. ಬಂದ ಮೇಲೆ ಕಲಿಸುತ್ತೇವೆ ಎಂದರೆ ಒಂದು ಚಳಿಗಾಲ ಕೈತಪ್ಪುತ್ತದೆ.

ಹಣ ವಾಪಸಿನ ಮಾತಿಗೂ ಒಂದು ಮಿತಿ ಬಂತು. ಎಷ್ಟು ವರ್ಷದ ಮೇಲಾದರೂ ತಂದುಕೊಡಿ ಎಂಬ ಪದ್ಧತಿಯನ್ನು ಕೆಲವರು ದುರುಪಯೋಗ ಮಾಡಿಕೊಂಡರು. ಹಳೇ ಸಾಮಾನಿನ ಮಾರಾಟದಲ್ಲಿ ಅಗ್ಗಕ್ಕೆ ಕೊಂಡ ಸವೆದ ಬೂಟನ್ನು ತಂದು ಹೊಸದು ಕೇಳುವವರಿದ್ದರು. ಐದು ವರ್ಷದಲ್ಲಿ ಇಂಥ, ಎಸೆಯಲಷ್ಟೇ ಲಾಯಕ್ಕಾದ ವಾಪಸಿನಿಂದ 25 ಕೋಟಿ ಡಾಲರ್ ನಷ್ಟ ಎಂದು ಲೆಕ್ಕ ತೋರಿಸಿ, 2018ರ ಫೆಬ್ರವರಿಯಲ್ಲಿ ಕಂಪನಿ ಒಂದು ವರ್ಷದ ಗಡುವು ಹಾಕಿತು.

ಇನ್ನು ಪೇಟೆಬೀದಿ. ಬೀನ್ ಅಂಗಡಿಗೆ ಲಕ್ಷಗಟ್ಟಲೆ ಜನ ಬರುವುದನ್ನು ಕಂಡ ಹೊರಗಿನ ದೊಡ್ಡ ಬ್ರಾಂಡುಗಳು 1980ರ ದಶಕದಲ್ಲಿ ಫ್ರೀಪೋರ್ಟಿಗೆ ನುಗ್ಗಿದವು. ರಿಯಾಯಿತಿ ಮಳಿಗೆಗಳು ಸಾಲುಗಟ್ಟಿದವು, ಬಾಡಿಗೆ ಏರಿತು. ಊರಿನವರು ಮೊಳೆ, ಬಣ್ಣ, ದಿನಸಿ ಕೊಳ್ಳುತ್ತಿದ್ದ ಅಂಗಡಿಗಳಿಗೆ ಆ ಬಾಡಿಗೆ ತಾಳಲಾಗಲಿಲ್ಲ. ಊರಾಡಳಿತ ಕಟ್ಟಡದ ಚಹರೆಗೆ ಕಟ್ಟುನಿಟ್ಟು ಮಾಡಿತು. ಹಾಗಾಗಿ 1984ರಲ್ಲಿ ಬಂದ ಮೆಕ್‌ಡೊನಾಲ್ಡ್ಸ್ ಗೋರ್ ಮನೆ ಎಂಬ ಹಳೆಯ ಕಟ್ಟಡವನ್ನು ಕೆಡವದೆ, ಅದರೊಳಗೇ ಹೋಟೆಲು ನಡೆಸಬೇಕಾಯಿತು. ಮನೆಯ ಮುಖ ಉಳಿಯಿತು, ಆದರೆ ಬೀದಿಯಲ್ಲಿ ಯಾವ ಅಂಗಡಿ ಇರಬೇಕು ಎಂಬುದನ್ನು ನಿರ್ಧರಿಸಿದ್ದು ಬಾಡಿಗೆಯೇ. ಮುಂದೆ ಜನ ಮನೆಯಲ್ಲೇ ಕೂತು ಇಂಟರ್‌ನೆಟ್ಟಿನಲ್ಲಿ ಕೊಳ್ಳತೊಡಗಿದಾಗ ಬ್ರಾಂಡುಗಳಲ್ಲಿ ಹಲವು ಗಂಟುಮೂಟೆ ಕಟ್ಟಿದವು, ಮಳಿಗೆಗಳು ಖಾಲಿ ಬಿದ್ದವು. ಅವರು ಊರಿನಲ್ಲಿ ಇಟ್ಟಿದ್ದು ಮಾರಾಟದ ಕೌಂಟರು ಮಾತ್ರ. ಹೊಲಿಗೆ, ರಿಪೇರಿ, ಗೋದಾಮು ಯಾವುದೂ ಇಲ್ಲಿರಲಿಲ್ಲ. ಹಾಗಾಗಿ ಎದ್ದುಹೋಗಲು ಅವರಿಗೆ ಕಷ್ಟವೇನೂ ಆಗಲಿಲ್ಲ.

ಬೀನ್‌ನವರ ಹತ್ತಿರ ರಿಪೇರಿಯ ಕೆಲಸ ಇನ್ನೂ ಇದೆ. ಅಡಿ ಸವೆದ ಬೂಟನ್ನು ಪಾರ್ಸೆಲ್ ಮಾಡಿದರೆ ಹೊಲಿಗೆ ಬಿಚ್ಚಿ, ಹಳೇ ರಬ್ಬರು ತೆಗೆದು, ಕಾಲಿಗೆ ಒಗ್ಗಿಕೊಂಡ ಅದೇ ಚರ್ಮಕ್ಕೆ ಹೊಸ ಅಡಿ ಕೂರಿಸಿ ವಾಪಸ್ ಕಳಿಸುತ್ತಾರೆ. ಅದಕ್ಕೆ ಹಣ ಕೊಡಬೇಕು. ಮೇಲಿನ ಚರ್ಮವೇ ಒಣಗಿ ಬಿರುಕು ಬಿಟ್ಟಿದ್ದರೆ ಹೊಸ ಹೊಲಿಗೆ ಅದರಲ್ಲಿ ನಿಲ್ಲುವುದಿಲ್ಲ.