ಕಿದ್ವಾಯಿ ಅಂತ ಹೇಳಿ ಇಳಿದವರು

ನಮಸ್ಕಾರ. ಒಲೆ ಮೇಲೆ ಹಾಲಿಟ್ಟು ರೇಡಿಯೋ ಹಾಕಿಕೊಂಡವರಿಗೂ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತೇ ಇರುವವರಿಗೂ ನನ್ನದು ಒಂದೇ ಮಾತು. ಮನಸ್ಸಿನ ಕಾಯಿಲೆಯನ್ನು ಬಾಯಿಬಿಟ್ಟು ಹೇಳಿ. ಆತ್ಮಹತ್ಯೆಯನ್ನು ಧಾರಾವಾಹಿ ಮಾಡಬೇಡಿ.

ನಾನು ಚಿಕಿತ್ಸೆ ಕೊಡುತ್ತಿದ್ದ ಒಬ್ಬ ಮೇಷ್ಟ್ರು, ರಿಟೈರ್ ಆದವರು, ಖಿನ್ನತೆಗೆ ಔಷಧಿ ತಗೊಳ್ಳಲು ಮಾನಸಿಕ ಆಸ್ಪತ್ರೆ ನಿಮ್ಹಾನ್ಸ್‌ಗೆ ಬರುತ್ತಿದ್ದರು. ಆದರೆ ಆಟೋದವನಿಗೆ ಹೇಳುತ್ತಿದ್ದುದು 'ಕಿದ್ವಾಯಿ', ಅಂದ್ರೆ ಕ್ಯಾನ್ಸರ್ ಆಸ್ಪತ್ರೆ. ಎರಡೂ ಅಕ್ಕಪಕ್ಕ, ಗೊತ್ತಲ್ವಾ? ಇಳಿದು, ಚಿಲ್ಲರೆ ಎಣಿಸಿ, ಆಟೋ ಕಣ್ಮರೆಯಾಗುವವರೆಗೂ ಸುಮ್ನೆ ನಿಂತು, ಆಮೇಲೆ ಫೈಲಿಗೆ ನ್ಯೂಸ್ ಪೇಪರ್ ಸುತ್ತಿಕೊಂಡು ನಮ್ಮ ಗೇಟಿಗೆ ನಡೆದು ಬರುವುದು. ಪಕ್ಕದ ಮನೆಯವರು ಕ್ಯಾನ್ಸರ್ ಅಂತಲೇ ನಂಬಿ ದಿನಾ ಎಳನೀರು ತಂದುಕೊಡುತ್ತಿದ್ದರಂತೆ! 'ಕ್ಯಾನ್ಸರ್ ಅಂದ್ರೆ ಅಯ್ಯೋ ಪಾಪ ಅಂತಾರೆ ಡಾಕ್ಟ್ರೇ, ಇದು ಅಂದ್ರೆ ಮಗಳ ಮದುವೆ ನಿಲ್ಲುತ್ತೆ' ಅಂದರು. 2015ರಲ್ಲಿ ದೀಪಿಕಾ ಪಡುಕೋಣೆ, ನಮ್ಮ ಬೆಂಗಳೂರಲ್ಲೇ ಬೆಳೆದ ಹುಡುಗಿ, ತನಗೆ ಖಿನ್ನತೆ ಇತ್ತು ಅಂತ ಟಿವಿಯಲ್ಲಿ ಹೇಳಿದರಲ್ಲ, ಅದನ್ನು ಆ ಮಗಳೇ ಅಪ್ಪನನ್ನು ಕೂರಿಸಿಕೊಂಡು ತೋರಿಸಿದಳು. ಮುಂದಿನ ಸಲ ಫೈಲಿಗೆ ಪೇಪರ್ ಇರಲಿಲ್ಲ.

ನಮ್ಮ ಸುದ್ದಿಯವರದು ಉಲ್ಟಾ. ಕಾಯಿಲೆ ಮುಚ್ಚಿಡುತ್ತಾರೆ, ಸಾವು ಬಿಚ್ಚಿಡುತ್ತಾರೆ. 'ಆತ್ಮಹತ್ಯೆಗೆ ಶರಣು' ಅಂತೆ. ಶರಣು ಅನ್ನೋದು ದೇವರಿಗೆ ಹೇಳೋ ಮಾತು ಕಣ್ರೀ! ಹೇಗೆ, ಎಲ್ಲಿ, ಚೀಟಿಯಲ್ಲಿ ಏನಿತ್ತು, ಎಲ್ಲಾ ಬೇಕು ಇವರಿಗೆ. 'ಪರೀಕ್ಷೆ ಫೇಲ್' ಅಂತ ಒಂದೇ ಕಾರಣ ಕಟ್ಟಿ ಕೈ ತೊಳೆದುಕೊಳ್ಳುತ್ತಾರೆ. ಆಗಲೇ ಕುಸಿದು ಕೂತ ಇನ್ನೊಬ್ಬ ಹುಡುಗ ಅದನ್ನು ಓದುತ್ತಾನೆ, ಅದು ಯಾರಿಗೂ ಹೊಳೆಯುವುದಿಲ್ಲ. ವಿಯೆನ್ನಾದಲ್ಲಿ 1987ರಲ್ಲಿ ಪತ್ರಿಕೆಗಳು ಮೆಟ್ರೋದಲ್ಲಿ ಆಗುವ ಇಂಥ ಸಾವುಗಳ ಅಬ್ಬರದ ವರದಿ ಬಿಟ್ಟವು. ಸಾವುಗಳೂ ಮುಕ್ಕಾಲು ಪಾಲು ಇಳಿದವು. ಪೇಪರಿನವರು ಪೆನ್ನು ಬಿಗಿಹಿಡಿದದ್ದಕ್ಕೆ, ಅಷ್ಟೇ.

ಟೈಮಾಯ್ತು ಅಂತ ಗಾಜಿನಾಚೆಯಿಂದ ಸನ್ನೆ ಮಾಡುತ್ತಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಗ್ಗೆಯೂ ಹೇಳಬೇಕಿತ್ತು. ಚಿಕಿತ್ಸೆಯಲ್ಲಿರುವವರ ಫೋಟೋವನ್ನು ಅವರು ಒಪ್ಪದೆ ಹಾಕುವ ಹಾಗಿಲ್ಲ, ಅಷ್ಟು ನೆನಪಿಡಿ. ಪೆನ್ನು ತಗೊಳ್ಳಿ, ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ ಬರೆದುಕೊಳ್ಳಿ. ಹಗಲು ರಾತ್ರಿ ಫ್ರೀ, ಕನ್ನಡದಲ್ಲೇ ಮಾತಾಡಬಹುದು. ಒಂದು, ನಾಲ್ಕು, ನಾಲ್ಕು, ಒಂದು, ಆರು. ಇನ್ನೊಂದು ಸಲ ಹೇಳುತ್ತೇನೆ, 14416.