ಮೋರಿಕಟ್ಟೆಯ ಮೇಲೊಂದು ಚೌಕ

ಕೇಳುಗರಿಗೆ ನಮಸ್ಕಾರ.

ಹಳೇ ರಸ್ತೆಯ ಮೋರಿಕಟ್ಟೆ, ದೇವಸ್ಥಾನದ ಮೆಟ್ಟಿಲು, ಪ್ರವಾಸಿ ಮಂದಿರದ ಅಂಗಳ. ಇಂಥ ಕಡೆ ಅಪರೂಪಕ್ಕೆ ಒಂದು ಗುರುತು ಕಣ್ಣಿಗೆ ಬೀಳುತ್ತದೆ. ಕಲ್ಲಿನಲ್ಲಿ ಉಳಿಯಿಂದ ಕೊರೆದ ಪುಟ್ಟ ಚೌಕ, ಅದರ ಜೊತೆಗೆ ಜಿ.ಟಿ.ಎಸ್. ಮತ್ತು ಬಿ.ಎಂ. ಎಂಬ ಇಂಗ್ಲಿಷ್ ಅಕ್ಷರಗಳು. ಇದು ಬ್ರಿಟಿಷರ ಕಾಲದಲ್ಲಿ ದೇಶವನ್ನು ಅಳೆದ ಗ್ರೇಟ್ ಟ್ರಿಗೊನೊಮೆಟ್ರಿಕಲ್ ಸರ್ವೆಯ ಬೆಂಚ್‌ಮಾರ್ಕ್. ಆ ಚೌಕ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಲೆವೆಲ್ ಯಂತ್ರ ಹಿಡಿದು ಅಳೆದು, ಅಡಿಯ ದಶಾಂಶಗಳವರೆಗೆ ಬರೆದಿಟ್ಟಿದ್ದಾರೆ. ಹೀಗೆ ಎತ್ತರ ಅಳೆಯುವ ದೇಶದ ಮೊದಲ ಲೆವೆಲಿಂಗ್ ಜಾಲದ ಕೆಲಸ 1858ರಿಂದ 1909ರವರೆಗೆ ನಡೆಯಿತು. ಸಮುದ್ರಮಟ್ಟ ಗೊತ್ತುಮಾಡಲು ಒಂಬತ್ತು ಬಂದರುಗಳಲ್ಲಿ ಉಬ್ಬರವಿಳಿತ ದಾಖಲಿಸಿದರು. ಅವುಗಳಲ್ಲಿ ನಮ್ಮ ಕಾರವಾರವೂ ಒಂದು.

ಈ ಕಲ್ಲುಗಳನ್ನು ಹುಡುಕಿಕೊಂಡು ಹೋಗುವ ಹವ್ಯಾಸಕ್ಕೆ ದುಡ್ಡಿಗಿಂತ ತಾಳ್ಮೆ ಹೆಚ್ಚು ಬೇಕು. ಮೊದಲ ಕೆಲಸ ಮನೆಯಲ್ಲೇ. ಸರ್ವೆ ಆಫ್ ಇಂಡಿಯಾದ ಹಳೇ ಟೋಪೋಶೀಟ್, ಅಂದರೆ ನೆಲದ ವಿವರವಾದ ನಕ್ಷೆ, ಸಂಪಾದಿಸಿ. ಬೆಂಗಳೂರಿನ ಉತ್ತರ ಭಾಗ 57 ಜಿ/12 ನಂಬರಿನ ಹಾಳೆಯಲ್ಲಿ, ದಕ್ಷಿಣ ಭಾಗ 57 ಎಚ್/9ರಲ್ಲಿ ಬರುತ್ತದೆ. ಬಿ.ಎಂ. ಎಂದು ಬರೆದು ಪಕ್ಕದಲ್ಲಿ ಅಂಕಿ ಇದ್ದರೆ ಅದು ಎತ್ತರದ ಕಲ್ಲು. ತ್ರಿಕೋನದ ಗುರುತಿದ್ದರೆ ಅದು ತ್ರಿಕೋನಮಿತಿ ಠಾಣೆ, ಅಂದರೆ ಸರ್ವೆಯವರು ಕೋನ ಅಳೆಯಲು ನಿಂತ ಬೆಟ್ಟದ ಮೇಲಿನ ಜಾಗ.

ನಕ್ಷೆಯ ಅಕ್ಷಾಂಶ ರೇಖಾಂಶವನ್ನು ನೇರವಾಗಿ ಮೊಬೈಲಿಗೆ ಹಾಕಿಕೊಂಡು ಹೊರಟುಬಿಡುವುದು ಹೊಸಬರು ಮಾಡುವ ಮೊದಲ ತಪ್ಪು. ನಕ್ಷೆ ಬರೆಯಲು ಭೂಮಿಯ ಆಕಾರವನ್ನು ದೀರ್ಘಗೋಳ ಎಂಬ ಲೆಕ್ಕದ ಗೋಳವಾಗಿ ಹಿಡಿಯುತ್ತಾರೆ. ಹಳೇ ನಕ್ಷೆಗಳು ಎವರೆಸ್ಟ್ ದೀರ್ಘಗೋಳದ ಲೆಕ್ಕದವು. ಮೊಬೈಲಿನದು ಡಬ್ಲ್ಯೂ.ಜಿ.ಎಸ್. 84 ಎಂಬ ಬೇರೆ ಲೆಕ್ಕ. ಬೆಂಗಳೂರಿನ ಸುತ್ತ ಈ ಎರಡರ ನಡುವೆ ಸುಮಾರು 200 ಮೀಟರ್ ವ್ಯತ್ಯಾಸ ಬರುತ್ತದೆ. ನೀವು ನಿಂತ ಜಾಗದಿಂದ ನಿಜವಾದ ಕಲ್ಲು ಸುಮಾರು 150 ಮೀಟರ್ ಉತ್ತರಕ್ಕೆ, 130 ಮೀಟರ್ ಪಶ್ಚಿಮಕ್ಕೆ ಇರುತ್ತದೆ. ಪಕ್ಕದ ಹೊಲದಲ್ಲಿ ಗಂಟೆಗಟ್ಟಲೆ ಪೊದೆ ಸರಿಸುವ ಬದಲು, ಆ್ಯಪಿನಲ್ಲಿ ಡೇಟಮ್ ಎಂಬ ಈ ಲೆಕ್ಕದ ಆಧಾರವನ್ನು ಬದಲಿಸಿಕೊಳ್ಳಿ.

ಅಷ್ಟಾದರೂ ಅಂಕಿಗಿಂತ ವರ್ಣನೆಯೇ ಹೆಚ್ಚು ನಂಬಿಕೆಗೆ ಅರ್ಹ. ಲೆವೆಲಿಂಗ್ ದಾಖಲೆಯಲ್ಲಿ ಕಲ್ಲು ಎಲ್ಲಿದೆ ಎಂದು ಮಾತಿನಲ್ಲಿ ಬರೆದಿರುತ್ತಾರೆ. ಉದಾಹರಣೆಗೆ, 12ನೇ ಮೈಲಿಕಲ್ಲು ದಾಟಿ 3 ಫರ್ಲಾಂಗ್, ಎಡಗಡೆಯ ಮೋರಿ ಎಂದಿದೆ ಅನ್ನಿ. ಮೈಲಿಗೆ 1.609 ಕಿ.ಮೀ., ಫರ್ಲಾಂಗಿಗೆ 201 ಮೀಟರ್. ಲೆಕ್ಕ ಹಾಕಿದರೆ 19.9 ಕಿ.ಮೀ. ಆದರೆ ಈಗಿನ ಕಿಲೋಮೀಟರ್ ಕಲ್ಲನ್ನು ನೆಚ್ಚಿಕೊಂಡು ಅಳೆಯಬೇಡಿ. ರಸ್ತೆಯ ತಿರುವು ತೆಗೆದಾಗ, ಹೆದ್ದಾರಿಯ ನಂಬರು ಬದಲಾದಾಗ ಆ ಕಲ್ಲುಗಳೂ ಜಾಗ ಬದಲಿಸುತ್ತವೆ. ಕದಲದೇ ಉಳಿದ ಹಳೇ ಸೇತುವೆಯಿಂದಲೋ ದೇವಸ್ಥಾನದಿಂದಲೋ ಅಳೆಯಿರಿ. ಈಗಿನ ರಸ್ತೆಯಿಂದ ದೂರ ಸರಿದು ಸಾಲಾಗಿ ನಿಂತ ಹುಣಸೆ, ಆಲದ ಮರಗಳು ಕಂಡರೆ ಹಳೇ ರಸ್ತೆ ಅಲ್ಲೇ ಇತ್ತು ಎಂದುಕೊಳ್ಳಿ. ಅದರಡಿ ಕಲ್ಲುಕಮಾನಿನ ಮೋರಿ ಉಳಿದಿದ್ದರೆ ಇನ್ನೂ ಒಳ್ಳೆಯದು.

ಜಾಗ ಸಿಕ್ಕಮೇಲೆ ಸರ್ವೆಯವನ ತಲೆಯಿಂದ ಯೋಚಿಸಿ. ಅವನಿಗೆ ಬೇಕಾಗಿದ್ದುದು ಕುಸಿಯದ, ಗಾಡಿ ತಾಗದ, ಮೇಲೆ ಅಳತೆಕೋಲು ನೆಟ್ಟಗೆ ನಿಲ್ಲಿಸಬಹುದಾದ ಕಲ್ಲು. ಆದ್ದರಿಂದ ಮೋರಿಕಟ್ಟೆಯ ನಡುಭಾಗಕ್ಕಿಂತ ಅದರ ತುದಿಯ ದೊಡ್ಡ ಕಲ್ಲನ್ನು, ಮೋರಿಯ ಬದಿಯಲ್ಲಿ ಮಣ್ಣು ತಡೆಯುವ ರೆಕ್ಕೆಗೋಡೆಯ ತಲೆಯನ್ನು ಮೊದಲು ನೋಡಿ. ಬೆಳಿಗ್ಗೆ ಎಂಟೂವರೆಯೊಳಗೆ ಅಥವಾ ಸಂಜೆ ನಾಲ್ಕೂವರೆಯ ಮೇಲೆ ಹೋಗಿ. ನಡುಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿಂದ ಬಿದ್ದು ಕೆತ್ತನೆಯ ನೆರಳನ್ನೇ ಅಳಿಸಿಬಿಡುತ್ತದೆ. ಹೊತ್ತು ಮೀರಿದ್ದರೆ ಕೈಕನ್ನಡಿಯಿಂದ ಬಿಸಿಲನ್ನು ಕಲ್ಲಿನ ಮೈಗುಂಟ ಓರೆಯಾಗಿ ಹಾಯಿಸಿ. ಬೋಳು ಕಲ್ಲು ಎಂದು ಬಿಟ್ಟುಬಂದದ್ದರಲ್ಲಿ ಚೌಕದ ಅಂಚು ಎದ್ದು ಕಾಣುತ್ತದೆ.

ಕಲ್ಲು ತೊಳೆಯಲು ನೀರು ಮತ್ತು ತೆಂಗಿನ ನಾರು ಸಾಕು. ತಂತಿ ಬ್ರಶ್, ಆ್ಯಸಿಡ್, ಉಳಿ ಬೇಡವೇ ಬೇಡ. ಚೌಕದ ಮೈ ಸವೆದರೆ ಅಳತೆಯೂ ಕೆಟ್ಟಿತು.

ಮೋಸಹೋಗುವ ಸಾಧ್ಯತೆಯೂ ಇದೆ. ಹೊಲದ ಬಾಂದುಕಲ್ಲು, ಅರಣ್ಯ ಇಲಾಖೆಯ ನಂಬರಿನ ಗಡಿಕಲ್ಲು, ರೈಲ್ವೆಯ ಗಡಿಕಲ್ಲು, ಮೋರಿಯ ಮೇಲೆ ಪಿ.ಡಬ್ಲ್ಯೂ.ಡಿ.ಯವರು ಬಣ್ಣದಲ್ಲಿ ಬರೆದ ಬಾಣ, ಇವು ಯಾವುವೂ ಜಿ.ಟಿ.ಎಸ್. ಗುರುತಲ್ಲ. ಬಾಂದುಕಲ್ಲನ್ನಂತೂ ಮುಟ್ಟಲೇಬೇಡಿ. ಅಲುಗಾಡಿಸಿದರೆ ಅಪರಾಧ, ಜೊತೆಗೆ ಊರಿನ ಜಗಳ ನಿಮ್ಮ ಕೊರಳಿಗೆ.

ಸಿಕ್ಕ ಕಲ್ಲಿನ ಎತ್ತರವನ್ನು ಮೊಬೈಲಿನಿಂದ ತಾಳೆ ನೋಡಿ ಗಾಬರಿಯಾಗುವವರಿದ್ದಾರೆ. ದಾಖಲೆಯಲ್ಲಿ 3,000 ಅಡಿ ಇದ್ದರೆ 0.3048ರಿಂದ ಗುಣಿಸಿ, 914 ಮೀಟರ್ ಬರುತ್ತದೆ. ಮೊಬೈಲು 828 ತೋರಿಸಿದರೆ ಕಲ್ಲೇನೂ ಕುಸಿದಿಲ್ಲ. ಕೆಲವು ಆ್ಯಪ್‌ಗಳು ಸಮುದ್ರಮಟ್ಟದ ಬದಲು ದೀರ್ಘಗೋಳದಿಂದ ಎತ್ತರ ತೋರಿಸುತ್ತವೆ. ಬೆಂಗಳೂರಿನಲ್ಲಿ ಆ ಎರಡರ ನಡುವೆ ಸುಮಾರು 86 ಮೀಟರ್ ಅಂತರವಿದೆ.

ಇನ್ನು ಬೆಟ್ಟದ ಠಾಣೆಗಳು. ಈ ಸರ್ವೆಯನ್ನು ಶುರುಮಾಡಿದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಕೃಷ್ಣರಾಜಪುರದಿಂದ ಅಗರದವರೆಗೆ ಆಧಾರರೇಖೆ, ಅಂದರೆ ಮಿಕ್ಕ ಲೆಕ್ಕಕ್ಕೆಲ್ಲ ಬುನಾದಿಯಾಗುವ ನೇರ ಅಳತೆಯ ಗೆರೆ, ಎಳೆದದ್ದು 100 ಅಡಿಯ ಉಕ್ಕಿನ ಸರಪಳಿಯಿಂದ. ಆಮೇಲೆ ಸಾವನದುರ್ಗದಂಥ ಎತ್ತರಗಳಿಂದ ಕೋನ ಅಳೆಯುತ್ತಾ ತ್ರಿಕೋನಗಳ ಜಾಲ ಮಂಗಳೂರಿನ ಕಡಲವರೆಗೆ ಹೋಯಿತು. ಠಾಣೆಯ ಗುರುತೆಂದರೆ ಹಾಸುಬಂಡೆಯಲ್ಲಿ ಕೊರೆದ ವೃತ್ತ, ನಡುವೆ ಚುಕ್ಕೆ. ಎಷ್ಟೋ ಕಡೆ ಅದರ ಮೇಲೆ ಗಾರೆಯ ಕಂಬ ಕಟ್ಟಿ, ತಲೆಯಲ್ಲಿ ಇನ್ನೊಂದು ಚುಕ್ಕೆಯನ್ನು ತೂಗುಗುಂಡಿನ ನೇರಕ್ಕೆ ಕೊರೆದಿರುತ್ತಾರೆ. ಕಂಬಕ್ಕೂ ಸುತ್ತಲಿನ ಕಟ್ಟೆಗೂ ನಡುವೆ ಸಂದು ಕಂಡರೆ ಅದು ಬಿರುಕು ಎಂದುಕೊಳ್ಳಬೇಡಿ. ನೋಡುವವನ ಹೆಜ್ಜೆಯ ಅದುರು ಕೋನ ಅಳೆಯುವ ಯಂತ್ರವಾದ ಥಿಯೋಡೊಲೈಟಿಗೆ ತಟ್ಟದಿರಲಿ ಎಂದು ಬೇಕೆಂತಲೇ ಬಿಟ್ಟದ್ದು ಅದು. ಬೆಟ್ಟದ ತುದಿಯ ಗುರುತನ್ನು ನಿಧಿಯ ಸಂಕೇತ ಎಂದುಕೊಂಡು ಅಗೆಯುವವರ ಕಾಟ ಈ ಕಂಬಗಳಿಗೆ ಮಳೆಗಿಂತ ಹೆಚ್ಚು. ಕಂಬ ಉರುಳಿದ್ದರೂ ಕಲ್ಲುರಾಶಿಯ ಪಕ್ಕದ ಬಂಡೆಯನ್ನು ನಿಧಾನವಾಗಿ ನೋಡಿ, ಕೆಳಗಿನ ಚುಕ್ಕೆ ಉಳಿದಿರಬಹುದು. ಕಲ್ಲು ಎತ್ತಿ ಹುಡುಕಬೇಡಿ. ಅಡಿಯಲ್ಲಿ ಚೇಳು, ಹಾವು ಇರುತ್ತವೆ. ಬಂಡೆಯ ಓರೆಯಲ್ಲಿ ಹೆಜ್ಜೇನು ಕಟ್ಟಿದ್ದರೆ ಅಂದಿಗೆ ವಾಪಸಾಗಿ. ಹುಲ್ಲು ಒಣಗಿದ ಫೆಬ್ರವರಿ, ಮಾರ್ಚ್ ತಿಂಗಳುಗಳು ಈ ಕೆಲಸಕ್ಕೆ ಅನುಕೂಲ. ಕಾಡಿನೊಳಗಿನ ಬೆಟ್ಟಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಕೊನೆಗೆ ದಾಖಲೆ. ಮೂರು ಫೋಟೊ ತೆಗೆಯಿರಿ. ಗುರುತಿನದೊಂದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಎರಡು ಮಾರು ದೂರದಿಂದ ಒಂದು. ಸುತ್ತಲಿನ ಮರ, ಕಟ್ಟಡ ಕಾಣುವಂತೆ ಇನ್ನೊಂದು. ಕದಲದ ಮೂರು ವಸ್ತುಗಳಿಂದ ಟೇಪು ಹಿಡಿದು ದೂರ ಬರೆದುಕೊಳ್ಳಿ. ಕಲ್ಲು ಕಾಣದಿದ್ದರೆ ನಾಶವಾಗಿದೆ ಎಂದು ಬರೆಯಬೇಡಿ, ಸಿಗಲಿಲ್ಲ ಎಂದು ಬರೆಯಿರಿ. ಸಿಮೆಂಟ್ ಮೆತ್ತಿ ಕಪ್ಪುಬಿಳಿ ಬಣ್ಣ ಬಳಿದ ಮೋರಿಕಟ್ಟೆಯಡಿ, ಹೊಸ ಟೈಲ್ಸ್ ಹಾಕಿದ ಮೆಟ್ಟಿಲಡಿ ಚೌಕ ಹಾಗೇ ಇರಬಹುದು. ಕಟ್ಟೆಯನ್ನೇ ಒಡೆದು ಕಲ್ಲು ಸಾಗಿಸಿದ್ದು ಕಣ್ಣಾರೆ ಕಂಡರೆ ಮಾತ್ರ ನಾಶ ಎನ್ನಿ.

ನಮಸ್ಕಾರ.